ಮೂಲಪ್ರತಿಯನ್ನು ಉಳಿಸುವ ತಂತ್ರಾಂಶ

ಛಾಯಾಚಿತ್ರಗಳನ್ನು ತಿದ್ದಲು ಯಾವ ತಂತ್ರಾಂಶ ಉತ್ತಮವೆಂದು ಗೆಳೆಯರು ನನ್ನನ್ನು ಕೇಳುವುದುಂಟು. ಈ ಪಾಠವನ್ನು ನಾನು ಕಲಿತುದು ಒಂದು ನಷ್ಟದಿಂದ. ನಮ್ಮ ಅಜ್ಜಿ ಜಗಲಿಯ ಮೇಲೆ ಕುಳಿತಿದ್ದಾಗ ಒಂದು ಚಿತ್ರ ತೆಗೆದಿದ್ದೆನು. ಮುಖ ತಿಳಿಯಾಗಿ ಕಾಣಲೆಂದು ಬೆಳಕನ್ನು ಹೆಚ್ಚಿಸಿ, ಅದೇ ಜೆಪೆಗ್ ಕಡತದ ಮೇಲೆಯೇ ಉಳಿಸಿಬಿಟ್ಟೆನು. ನರೆಗೂದಲಿನ ಎಳೆಗಳೆಲ್ಲ ಅಳಿಸಿಹೋದವು. ಎರಡು ತಿಂಗಳಲ್ಲಿ ಅಜ್ಜಿಯೂ ತೀರಿಕೊಂಡರು.

ಕಾರಣ ಸರಳವಾದುದು. ಜೆಪೆಗ್ ಕಡತದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲುಗಳು ಮಾತ್ರ. 14 ಬಿಟ್‌ಗಳ ರಾ ಕಡತದಲ್ಲಾದರೋ 16,384. ಕೊನೆಯ ಮೆಟ್ಟಿಲನ್ನು ಮೀರಿಸಿ ಉಳಿಸಿದ ವಿವರ ಮರಳಿ ಬಾರದು.

ಆದುದರಿಂದ ತಂತ್ರಾಂಶವನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದು ಮೂಲವನ್ನು ಮುಟ್ಟುವುದೋ, ಇಲ್ಲವೋ? 2007ರಲ್ಲಿ ಬಂದ ಲೈಟ್‌ರೂಮ್, 2009ರಲ್ಲಿ ಬಂದ ಡಾರ್ಕ್‌ಟೇಬಲ್ ಇವೆರಡೂ ತಿದ್ದುಪಡಿಗಳನ್ನು ಬೇರೆಯಾಗಿ ಬರೆದಿಟ್ಟು, ಮೂಲವನ್ನು ಇದ್ದಂತೆಯೇ ಬಿಡುತ್ತವೆ. ಬಳಿಕ ಹಣದ ಮಾತು. ಲೈಟ್‌ರೂಮಿನ ಪೂರ್ಣ ಬಳಕೆಗೆ ಚಂದಾ ಕಟ್ಟಬೇಕು, ಡಾರ್ಕ್‌ಟೇಬಲ್ ಉಚಿತ. ವಿದ್ಯಾರ್ಥಿಯಾದ ನಾನು ಉಚಿತವಾದುದನ್ನೇ ಆರಿಸಿದೆನು. ಈಗ ಮೂಲಚಿತ್ರಗಳನ್ನು ಎರಡು ಕಡೆ ಇರಿಸಿದ ಮೇಲೆಯೇ ತಿದ್ದಲು ತೊಡಗುತ್ತೇನೆ.

ಅಜ್ಜಿಯ ಕೂದಲು ಮಾತ್ರ ಆ ಚಿತ್ರದಲ್ಲಿ ಬರಿಯ ಬಿಳುಪಾಗಿಯೇ ಉಳಿದಿದೆ.