ಡಬ್ಬಿಯ ಲಾಗರ್, ಗ್ಯಾರೇಜಿನ ಚಳಿ

ಅಗ್ಗದ ಲಾಗರ್ ಕಿಟ್ ಎಂದರೆ ಒಂದು ತಗಡಿನ ಡಬ್ಬಿ, ಅದರ ತಲೆಗೊಂದು ಪ್ಲಾಸ್ಟಿಕ್ ಮುಚ್ಚಳ, ಮುಚ್ಚಳದಡಿ ಪುಟ್ಟ ಯೀಸ್ಟ್ ಪೊಟ್ಟಣ ಮತ್ತು ಮಡಚಿಟ್ಟ ಸೂಚನೆಯ ಹಾಳೆ. ಡಬ್ಬಿಯೊಳಗಿರುವುದು ಒಂದೂವರೆ ಕಿಲೋ ಆಸುಪಾಸಿನ ಮಾಲ್ಟ್ ಪಾಕ. ಹಾಪ್ಸ್‌ನ ಕಹಿಯನ್ನು ಅದಕ್ಕೆ ಕಾರ್ಖಾನೆಯಲ್ಲೇ ಸೇರಿಸಿರುತ್ತಾರೆ. ಬಿಸಿನೀರಿನಲ್ಲಿ ಕರಗಿಸಿ, ಒಂದು ಕಿಲೋ ಸಕ್ಕರೆ ಸುರಿಯಿರಿ, ತಣ್ಣೀರು ಬೆರೆಸಿ 23 ಲೀಟರ್ ಮಾಡಿ, ಯೀಸ್ಟ್ ಉದುರಿಸಿ, ಮೂರ್ನಾಲ್ಕು ವಾರ ಬಿಟ್ಟು ಕುಡಿಯಿರಿ. ಹಾಳೆಯ ಸಾರ ಇಷ್ಟೇ. ಇಲ್ಲಿ ಬ್ರಿಟನ್ನಿನವರ ಲೆಕ್ಕದಲ್ಲಿ ಅದು 40 ಪೈಂಟ್. ಮ್ಯಾಂಚೆಸ್ಟರಿನ ಪಬ್ಬಿನಲ್ಲಿ ನಾಲ್ಕು ಜನ ಕೂತು ಒಂದು ಸುತ್ತು ತರಿಸುವ ದುಡ್ಡಿಗೆ ಒಂದು ಬಕೆಟ್ ತುಂಬ ಬಿಯರ್ ಎಂದರೆ ಯಾರಿಗೆ ಬೇಡ?

ಹಾಳೆಯಲ್ಲಿ ಸುಳ್ಳೇನೂ ಬರೆದಿಲ್ಲ. ಬರೆದವರಿಗೆ ಬಹಳ ಅವಸರ, ಅಷ್ಟೇ. ಅದು ಹೇಳಿದಂತೆ ನಡೆದರೆ ಕೈಗೆ ಬರುವುದು ತಿಳಿ ಬಣ್ಣದ, ನೊರೆ ಬರುವ, ಕುಡಿದರೆ ಏರುವ ಪಾನೀಯವೇ. ಆದರೆ ಮೂಗಿನ ಹತ್ತಿರ ತಂದಾಗ ಹಣ್ಣಿನ ಎಸೆನ್ಸಿನ ವಾಸನೆ, ನಾಲಿಗೆಯ ಮೇಲೆ ಕಾಯಿಸೇಬಿನ ಚುರುಕು, ಗಂಟಲಿಳಿದ ಮೇಲೆ ಏನೂ ಇಲ್ಲದ ಖಾಲಿತನ. ಲಾಗರ್ ಕುಡಿದು ಬಲ್ಲವರು ಅದನ್ನು ಲಾಗರ್ ಎನ್ನುವುದಿಲ್ಲ. ಪಕ್ಕದ ಮನೆಯ ಹಿರಿಯರು ಎಪ್ಪತ್ತರ ದಶಕದಿಂದ ಮನೆಯಲ್ಲೇ ಬಿಯರ್ ಮಾಡುತ್ತ ಬಂದವರು. ಬೂಟ್ಸ್ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪಿನ ಜೊತೆಗೇ ಈ ಕಿಟ್‌ಗಳನ್ನೂ ಮಾರುತ್ತಿದ್ದ ಕಾಲ ಅದು. ನಾನು ಕೊಟ್ಟ ಗ್ಲಾಸನ್ನು ಅವರು ಒಂದು ಗುಟುಕು ಹೀರಿ ಕೆಳಗಿಟ್ಟು, "ಇದನ್ನು ಎಲ್ಲಿಟ್ಟಿದ್ದೆ?" ಎಂದು ಕೇಳಿದರು. ಯಾವ ಡಬ್ಬಿ ಎಂದು ಕೇಳಲಿಲ್ಲ. ಹಾಳೆಯಲ್ಲಿದ್ದಂತೆ ಬೆಚ್ಚಗೆ, ಬಾಯ್ಲರ್ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೆ ಎಂದೆ. "ಗ್ಯಾರೇಜು ಏತಕ್ಕಿದೆ ಮತ್ತೆ?" ಎಂದರು.

ಅಲ್ಲಿಂದ ಮುಂದೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನ ವಿವರಣೆ.

ಲಾಗರ್ ಎಂದು ಅಚ್ಚಾದ ಎಷ್ಟೋ ಡಬ್ಬಿಗಳ ಮುಚ್ಚಳದಡಿ ಇರುವುದು ಏಲ್ ಎಂಬ ಬೇರೆ ಬಗೆಯ ಬಿಯರಿನ ಯೀಸ್ಟ್. ಅದಕ್ಕೆ ಕಾರಣವೂ ಇದೆ. ಕೊಳ್ಳುವವರ ಮನೆಯಲ್ಲಿ ತಂಪು ಜಾಗ ಇರುತ್ತದೆಂದು ಕಂಪನಿ ನಂಬುವಂತಿಲ್ಲ; 20 ಡಿಗ್ರಿಯಲ್ಲಿ ಯಾವ ತಕರಾರೂ ಇಲ್ಲದೆ ದುಡಿಯುವ ಯೀಸ್ಟ್ ಹಾಕಿದರೆ ಗಿರಾಕಿಯ ದೂರು ಬರುವುದಿಲ್ಲ. ನಿಜವಾದ ಲಾಗರ್ ಯೀಸ್ಟಿನ ಜಾತಿಯೇ ಬೇರೆ. ವಿಜ್ಞಾನಿಗಳು ಅದನ್ನು ಸ್ಯಾಕರೋಮೈಸಿಸ್ ಪ್ಯಾಸ್ಟೋರಿಯಾನಸ್ ಎನ್ನುತ್ತಾರೆ. ಅದೊಂದು ಮಿಶ್ರತಳಿ: ಒಂದು ಕಡೆಯಿಂದ ಏಲ್‌ಗೂ ಬ್ರೆಡ್ಡಿಗೂ ಬಳಸುವ ಯೀಸ್ಟಿನ ರಕ್ತ, ಇನ್ನೊಂದು ಕಡೆಯಿಂದ ಚಳಿ ತಡೆಯುವ ಕಾಡು ಯೀಸ್ಟಿನದು. ಆ ಕಾಡು ಸಂಬಂಧಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡುಮರಗಳಲ್ಲಿ ಪತ್ತೆಯಾಯಿತೆಂದು 2011ರಲ್ಲಿ ಪ್ರಕಟವಾಯಿತು. ಚಳಿಯಲ್ಲಿ ನಿಧಾನಕ್ಕೆ ಕೆಲಸ ಮಾಡುವುದರಿಂದಲೇ ಇದು ಹಣ್ಣಿನ ವಾಸನೆಯ ಎಸ್ಟರ್‌ಗಳನ್ನು ಕಡಿಮೆ ಬಿಡುತ್ತದೆ. ಲಾಗರ್‌ಗೆ ನಾವು 'ಕ್ಲೀನ್' ಎನ್ನುವ ಗುಣ ಬರುವುದು ಇಲ್ಲಿಂದ.

ಕಾರ್ಲ್ಸ್‌ಬರ್ಗ್ ಸ್ಥಾಪಿಸಿದ ಜೆ. ಸಿ. ಯಾಕೋಬ್ಸೆನ್ 1845ರಲ್ಲಿ ಮ್ಯೂನಿಕ್ಕಿನ ಸ್ಪಾಟೆನ್ ಬ್ರೂವರಿಯಿಂದ ಯೀಸ್ಟ್ ತಂದದ್ದರ ಕತೆ ಈ ಹವ್ಯಾಸದವರಿಗೆಲ್ಲ ಗೊತ್ತು. ಹ್ಯಾಟಿನ ಪೆಟ್ಟಿಗೆಯಲ್ಲಿ ಯೀಸ್ಟಿನ ಡಬ್ಬಿಗಳನ್ನು ಅಡಗಿಸಿಟ್ಟು, ಕುದುರೆಗಾಡಿ ನಿಂತಲ್ಲೆಲ್ಲ ಇಳಿದು ಅವಕ್ಕೆ ತಣ್ಣೀರು ಹೊಯ್ಯುತ್ತ ಕೋಪನ್‌ಹೇಗನ್ ಮುಟ್ಟಿಸಿದನಂತೆ. ಮುಂದೆ 1883ರಲ್ಲಿ ಅದೇ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ಒಂದು ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ. ಕಂಪನಿ ಅದನ್ನು ಬಚ್ಚಿಡದೆ ಬೇರೆ ಬ್ರೂವರಿಗಳಿಗೂ ಹಂಚಿತು. ನನ್ನಂಥ ಗ್ಯಾರೇಜಿನ ಬ್ರೂವರ್ ಇವತ್ತು ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವಂತಾಗಿದ್ದರ ಹಿಂದೆ ಈ ಔದಾರ್ಯವೂ ಇದೆ.

ನಾನು ಬಳಸುವುದು ಡಬ್ಲ್ಯೂ-34/70 ಎಂಬ ಒಣ ಯೀಸ್ಟ್. ಒಂದು ಪೊಟ್ಟಣದಲ್ಲಿ 11.5 ಗ್ರಾಂ. ತಂಪಿನಲ್ಲಿ ಯೀಸ್ಟ್ ಮೆಲ್ಲಗೆ ಬೆಳೆಯುವುದರಿಂದ 20 ಲೀಟರಿಗೆ ಎರಡು ಪೊಟ್ಟಣ ಬೇಕು. ಇಲ್ಲಿ ಜೇಬು ಕೂಗುತ್ತದೆ, ಏಕೆಂದರೆ ಎರಡು ಪೊಟ್ಟಣದ ಬೆಲೆ ಅಗ್ಗದ ಡಬ್ಬಿಯ ಅರ್ಧಕ್ಕೂ ಮೇಲೆ. ಅದಕ್ಕೆ ಉಪಾಯ ನಮ್ಮ ಅಡುಗೆಮನೆಯಲ್ಲೇ ಇದೆ: ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಇವತ್ತಿನ ಹಾಲಿಗೆ ಹೆಪ್ಪಾಗುವಂತೆ, ಬಾಟಲಿಗೆ ತುಂಬಿದ ಮೇಲೆ ಬಕೆಟಿನ ತಳದಲ್ಲಿ ಉಳಿಯುವ ಕೆನೆಬಣ್ಣದ ಗಷ್ಟು ಮುಂದಿನ ಬಕೆಟಿಗೆ ಹೆಪ್ಪು. ಕುದಿಸಿ ಆರಿಸಿದ ಜಾಡಿಗೆ ಅದನ್ನು ಹಾಕಿ, ಮುಚ್ಚಳ ಸಡಿಲ ಬಿಟ್ಟು ಫ್ರಿಜ್ಜಿನಲ್ಲಿಟ್ಟು ಒಂದೆರಡು ವಾರದೊಳಗೆ ಬಳಸುತ್ತೇನೆ. ಒಂದೇ ಷರತ್ತು, ಹಿಂದಿನ ಬಿಯರ್ ಚೆನ್ನಾಗಿ ಬಂದಿರಬೇಕು. ಕೆಟ್ಟದ್ದರ ಗಷ್ಟನ್ನು ಉಳಿಸಿಕೊಂಡರೆ ಕೆಡುಕನ್ನೇ ಸಾಕಿದಂತೆ.

ಲ್ಯಾಂಕಶೈರ್ ಕಡೆಯ ಚಳಿಗಾಲದಲ್ಲಿ ಹೀಟರ್ ಇಲ್ಲದ ಗ್ಯಾರೇಜು 8ರಿಂದ 12 ಡಿಗ್ರಿಯ ನಡುವೆ ಆಡುತ್ತದೆ. ಈ ಯೀಸ್ಟಿಗೆ ಅದು ಹಬ್ಬ. ಬಕೆಟನ್ನು ದೊಡ್ಡ ಟಬ್ಬಿನಲ್ಲಿ ನೀರು ತುಂಬಿ ಅದರೊಳಗೆ ಕೂರಿಸಿದರೆ ಹಗಲು ರಾತ್ರಿಯ ಏರಿಳಿತ ತಗ್ಗುತ್ತದೆ. ಬಿಸಿಲು ಬಿದ್ದ ದಿನ ಆ ನೀರಿಗೆ ಫ್ರೀಜರಿನ ಐಸ್ ಬಾಟಲಿ ಹಾಕಬಹುದು. ಹಳೆಯ ಫ್ರಿಜ್ಜಿಗೆ ಥರ್ಮೋಸ್ಟಾಟ್ ಜೋಡಿಸುವವರೂ ಇದ್ದಾರೆ. ಅದು ಹೆಚ್ಚು ನಿಖರ, ನಿಜ. ಆದರೆ ಬಜೆಟ್ ಕಿಟ್ ಕೊಂಡವನು ಮೊದಲು ಟಬ್ಬಿನಿಂದ ಶುರು ಮಾಡಲಿ ಎಂಬುದು ನನ್ನ ಅಭಿಪ್ರಾಯ. ಸಲಕರಣೆ ಕೊಳ್ಳುವ ಚಟ ಕುಡಿಯುವ ಚಟಕ್ಕಿಂತ ದುಬಾರಿ.

ತಂಪಿನ ಲಾಗರ್ ಹುದುಗುವಾಗ ಗಂಧಕದ ವಾಸನೆ ಬಿಡುತ್ತದೆಂದು ಮನೆಯವರಿಗೆ ಮುಂಚೆಯೇ ಹೇಳಿಡುವುದು ಒಳ್ಳೆಯದು. ಏರ್‌ಲಾಕಿನಿಂದ ಗುಳುಗುಳು ಎನ್ನುವ ಗುಳ್ಳೆಯ ಜೊತೆ ಕೊಳೆತ ಮೊಟ್ಟೆಯ ನಾತ. "ರೀ, ಗ್ಯಾರೇಜಿನಲ್ಲಿ ಏನು ಸತ್ತಿದೆ, ನೋಡಿ ಬನ್ನಿ" ಎಂದು ಹೆಂಡತಿ ಬಟ್ಟೆ ಒಣಗಿಸುವುದನ್ನು ಬಿಟ್ಟು ಬಂದಿದ್ದಳು. ಸತ್ತದ್ದೇನೂ ಇರಲಿಲ್ಲ, ಎಲ್ಲ ಬಹಳ ಚುರುಕಾಗಿಯೇ ಇತ್ತು. ಬಿಯರ್ ಹಣ್ಣಾಗುತ್ತ ಆ ವಾಸನೆ ತಾನೇ ಹೊರಟುಹೋಗುತ್ತದೆ.

ಅದು ಹೋದರೂ ಇನ್ನೊಂದು ಉಳಿಯಬಹುದು. ಡೈಅಸಿಟೈಲ್ ಎಂಬ ವಸ್ತುವಿನ ಬೆಣ್ಣೆ ವಾಸನೆ. ಬೆಣ್ಣೆಯ ಘಮ ದಾವಣಗೆರೆಯ ದೋಸೆಗೆ ಭೂಷಣ, ಲಾಗರಿಗೆ ಅಲ್ಲ. ಯೀಸ್ಟೇ ಇದರ ಮೂಲ, ಯೀಸ್ಟೇ ಮದ್ದು: ಕೊನೆಯ ಹಂತದಲ್ಲಿ ಸ್ವಲ್ಪ ಬೆಚ್ಚಗಾದರೆ ತಾನು ಬಿಟ್ಟದ್ದನ್ನು ತಾನೇ ತಿಂದು ಮುಗಿಸುತ್ತದೆ. ಹಾಗಾಗಿ ದ್ರವದ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನ ಅಳತೆ ತಳ ಮುಟ್ಟಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಬಕೆಟನ್ನು ಅಡುಗೆಮನೆಯ ಮೂಲೆಗೆ ತಂದು, 16ರಿಂದ 18 ಡಿಗ್ರಿಯಲ್ಲಿ ಎರಡು ಮೂರು ದಿನ ಇಡುತ್ತೇನೆ. ಸೂಚನೆಯ ಹಾಳೆಗಳಲ್ಲಿ ಈ ಹಂತದ ಸುಳಿವೇ ಇರುವುದಿಲ್ಲ. ಖರ್ಚಿಲ್ಲದ ಸುಧಾರಣೆಗಳಲ್ಲಿ ಇದಕ್ಕೆ ಸಮನಾದದ್ದು ನನಗೆ ಸಿಕ್ಕಿಲ್ಲ.

ಸಕ್ಕರೆಯ ವಿಷಯಕ್ಕೆ ಬಂದರೆ, ಒಂದು ಕಿಲೋ ಬಿಳಿ ಸಕ್ಕರೆಯ ಬದಲು ಒಂದು ಕಿಲೋ ತಿಳಿ ಬಣ್ಣದ ಮಾಲ್ಟ್ ಪುಡಿ ಹಾಕುತ್ತೇನೆ, 23ರ ಬದಲು 20 ಲೀಟರಿಗೆ ನಿಲ್ಲಿಸುತ್ತೇನೆ. ಸಕ್ಕರೆ ಪೂರ್ತಿ ಹುದುಗಿ ಆಲ್ಕೊಹಾಲ್ ಆಗಿಬಿಡುತ್ತದೆ, ಬಾಯಲ್ಲಿ ಏನನ್ನೂ ಉಳಿಸುವುದಿಲ್ಲ. ಮಾಲ್ಟ್ ಪೂರ್ತಿ ಹುದುಗುವುದಿಲ್ಲ; ಉಳಿದದ್ದೇ ಬಿಯರಿನ ಮೈ. ಹೀಗೆ ಮಾಡಿದಾಗ ಹೈಡ್ರೋಮೀಟರ್ ಆರಂಭಕ್ಕೆ 1.041ರ ಹತ್ತಿರ, ಕೊನೆಗೆ 1.011ರ ಹತ್ತಿರ ನಿಲ್ಲುತ್ತದೆ. ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೊಹಾಲ್ ಸುಮಾರು ಶೇ. 4. ಡಬ್ಬಿ ಕೊಳ್ಳುವಾಗ ಬೆಲೆಗಿಂತ ಮೊದಲು ತಾರೀಖು ನೋಡಬೇಕು. ಹಳೆಯ ಮಾಲ್ಟ್ ಪಾಕ ಡಬ್ಬಿಯೊಳಗೇ ಕಪ್ಪಾಗುತ್ತ ಹೋಗುತ್ತದೆ. ರಿಯಾಯಿತಿಗೆ ಸಿಕ್ಕಿತೆಂದು ತಂದರೆ ಚಿನ್ನದ ಬಣ್ಣ ಬರಬೇಕಾದಲ್ಲಿ ತಾಮ್ರದ ಬಣ್ಣ, ಜೊತೆಗೆ ಹಳಸಲು ರುಚಿ.

ಡಬ್ಬಿಯಲ್ಲಿ ಕಹಿ ಇರುತ್ತದೆ, ಪರಿಮಳ ಇರುವುದಿಲ್ಲ. ಝೆಕ್ ನಾಡಿನ ಜಾಟೆಟ್ಸ್ ಸೀಮೆಯ ಸಾಜ್ ಹಾಪ್ಸ್ 25 ಗ್ರಾಂ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಕುದಿ ಇಳಿದ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಆ ಕಷಾಯವನ್ನು ಬಕೆಟಿಗೆ ಸೇರಿಸಿದರೆ ಒಣಹುಲ್ಲು, ಮಸಾಲೆಸೊಪ್ಪು ಎರಡೂ ಬೆರೆತಂಥ ಒಂದು ಘಮ ಬರುತ್ತದೆ.

ನೀರಿನಲ್ಲಿ ಮಾತ್ರ ನನಗೆ ಅದೃಷ್ಟ ತಾನಾಗಿ ಒಲಿದಿದೆ. 1842ರಲ್ಲಿ ಯೋಸೆಫ್ ಗ್ರೋಲ್ ಝೆಕ್ ನಾಡಿನ ಪಿಲ್ಸೆನ್ ಊರಿನಲ್ಲಿ ಮೊದಲ ಚಿನ್ನದ ಬಣ್ಣದ ಲಾಗರ್ ಮಾಡಿದಾಗ ಅವನ ಕೈಹಿಡಿದದ್ದು ಅಲ್ಲಿನ ಬಲು ಮೃದುವಾದ ನೀರು. ಮ್ಯಾಂಚೆಸ್ಟರಿನ ನಲ್ಲಿಗೆ ಬರುವುದೂ ಮೆದು ನೀರೇ. ಲೇಕ್ ಡಿಸ್ಟ್ರಿಕ್ಟಿನ ಥರ್ಲ್‌ಮಿಯರ್ ಕೆರೆಯಿಂದ 150 ಕಿಲೋಮೀಟರಿಗೂ ಹೆಚ್ಚು ದೂರ, ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ಹರಿದು ಬರುವ ಆ ಕಾಲುವೆ 1894ರಲ್ಲಿ ಶುರುವಾದದ್ದು. ಲಂಡನ್ನಿನ ಗೆಳೆಯರ ಕೆಟಲಿನಲ್ಲಿ ಸುಣ್ಣ ಗಟ್ಟಿಗಟ್ಟುತ್ತದೆ; ಅವರಿಗೆ ಗಡಸು ನೀರಿನ ಇಂಗ್ಲಿಷ್ ಏಲೇ ಸಲೀಸು. ನಲ್ಲಿ ನೀರಿನಲ್ಲಿ ಒಂದು ಶತ್ರು ಮಾತ್ರ ಎಲ್ಲೆಡೆ ಇರುತ್ತದೆ, ಕ್ಲೋರಿನ್. ಮಾಲ್ಟಿನ ಫೀನಾಲ್ ಜೊತೆ ಸೇರಿದರೆ ಡೆಟ್ಟಾಲಿನ ವಾಸನೆ ಹೊಮ್ಮುತ್ತದೆ, ಅತಿ ಸಣ್ಣ ಪ್ರಮಾಣದಲ್ಲೂ ಮೂಗಿಗೆ ಹೊಡೆಯುತ್ತದೆ. ಕ್ಲೋರಿನ್ ತೆಗೆಯುವ ಕ್ಯಾಂಪ್ಡೆನ್ ಮಾತ್ರೆಯ ಅರ್ಧವನ್ನು ಪುಡಿಮಾಡಿ ನೀರಿಗೆ ಕದಡಿದರೆ ಇಡೀ ಬಕೆಟಿಗೆ ಸಾಕು. ಬಕೆಟ್ ತೊಳೆಯಲು ಬ್ಲೀಚ್ ಬಳಸುವವರು ಇದನ್ನು ಎರಡು ಸಲ ಓದಬೇಕು.

ಬಾಟಲಿ ತುಂಬುವ ದಿನ ಬೇಸರದ ದಿನ. ತೊಳೆ, ಸೋಂಕು ತೆಗೆ, ತುಂಬು, ಬಿರಡೆ ಒತ್ತು. ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿಯಲ್ಲಿ ನಿಲ್ಲುವ ತನಕ ಇದಕ್ಕೆ ಕೈ ಹಾಕಬಾರದು, ಹುದುಗು ಮುಗಿಯದ ಬಾಟಲಿ ಒಡೆದರೆ ಗಾಜು ಸಿಡಿಯುತ್ತದೆ. ಬಾಟಲಿಯಲ್ಲಿ ಗುಳ್ಳೆ ಏಳಲೆಂದು 20 ಲೀಟರಿಗೆ 120 ಗ್ರಾಂ ಸಕ್ಕರೆ, ಕಂದು ಬಾಟಲಿ, ಎರಡು ವಾರ ಮನೆಯೊಳಗೆ, ಆಮೇಲೆ ಮತ್ತೆ ಗ್ಯಾರೇಜಿನ ಚಳಿಗೆ ಕನಿಷ್ಠ ಒಂದು ತಿಂಗಳು. ಬಿಳಿ ಗಾಜಿನ ಬಾಟಲಿಯಾದರೆ ಬೆಳಕು ಬಿದ್ದು ಹಾಪ್ಸ್ ನಾರುತ್ತದೆ. ಆ ಒಂದು ತಿಂಗಳಲ್ಲಿ ಮಡ್ಡಿ ತಳಕ್ಕೆ ಕೂತು ಬಿಯರ್ ತಿಳಿಯಾಗುತ್ತದೆ, ರುಚಿಯ ಅಂಚುಗಳು ಮೆತ್ತಗಾಗುತ್ತವೆ. ಎರಡನೆಯ ವಾರಕ್ಕೇ ಒಂದು ಬಾಟಲಿ ತೆರೆಯುವವರನ್ನು ನಾನು ತಡೆಯುವುದಿಲ್ಲ; ಆರನೆಯ ವಾರದ ಬಾಟಲಿಯನ್ನು ಪಕ್ಕದಲ್ಲಿಟ್ಟು ಕುಡಿಸುತ್ತೇನೆ.

"ಊರಿಗೆ ಬರುವಾಗ ಒಂದು ಡಬ್ಬಿ ತಗೊಂಬಾರೋ" ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ತರುವುದಿಲ್ಲ. ಬ್ರಿಟನ್ನಿನಲ್ಲಿ 1963ರಲ್ಲಿ ಅಂದಿನ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಡವೆಂದ ಮೇಲೆ ಈ ಹವ್ಯಾಸ ಬೆಳೆದದ್ದು. ಈಗಲೂ ಮಾಡಿದ್ದನ್ನು ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಿದೆ, ಪರವಾನಗಿ ಇಲ್ಲದೆ ಮದ್ಯ ತಯಾರಿಸಿದರೆ ಅಪರಾಧ. ಬಕೆಟಿನಲ್ಲಿ ಗುಳುಗುಳು ಅಂದರೆ ಪೊಲೀಸರಿಗೆ ಹವ್ಯಾಸ ಎಂದು ವಿವರಿಸುವುದು ಕಷ್ಟ.

ಇಷ್ಟೆಲ್ಲ ಜನವರಿಯ ಮಾತು. ಜೂನ್ ಹೊತ್ತಿಗೆ ನನ್ನ ಗ್ಯಾರೇಜು 20 ಡಿಗ್ರಿ ದಾಟುತ್ತದೆ, ಟಬ್ಬಿನ ಐಸು ಅರ್ಧ ದಿನಕ್ಕೆ ಕರಗುತ್ತದೆ. ಆಗ ಅದೇ ಲಾಗರ್ ಡಬ್ಬಿಯನ್ನು ತಂದು, ಮುಚ್ಚಳದಡಿಯ ಅದೇ ಏಲ್ ಯೀಸ್ಟನ್ನು ಹಾಕಿ, ಮಾಲ್ಟ್ ಪುಡಿಯನ್ನೂ ಒಂದಿಷ್ಟು ಇಂಗ್ಲಿಷ್ ಹಾಪ್ಸನ್ನೂ ಸೇರಿಸಿ ಟಬ್ಬಿನ ನೀರಿನಲ್ಲಿ ಕೂರಿಸುತ್ತೇನೆ. ಆಗುವುದು ತಿಳಿ ಬಣ್ಣದ ಒಂದು ಏಲ್. ಬಾಟಲಿಯ ಚೀಟಿಯ ಮೇಲೂ ಹಾಗೆಂದೇ ಬರೆಯುತ್ತೇನೆ. ಪಕ್ಕದ ಮನೆಯವರು ಆ ಗ್ಲಾಸನ್ನು ಕೆಳಗಿಡದೆ ಮುಗಿಸುತ್ತಾರೆ.