ರೋಗಿ ಸಂದರ್ಶನ: ಹಕ್ಕು ಮತ್ತು ಹೊಣೆ

ಒಬ್ಬ ಮುಸ್ಲಿಮನಿಗೆ ಇನ್ನೊಬ್ಬ ಮುಸ್ಲಿಮನ ಮೇಲಿರುವ ಹಕ್ಕುಗಳನ್ನು ಪ್ರವಾದಿ(ಸ)ರು ಎಣಿಸಿ ಹೇಳಿದ್ದಾರೆ. ಸಲಾಮಿಗೆ ಉತ್ತರಿಸುವುದು, ಆಮಂತ್ರಣ ಸ್ವೀಕರಿಸುವುದು, ಜನಾಝದ ಜತೆ ಹೋಗುವುದು ಇವುಗಳೊಂದಿಗೆ ರೋಗಿಯನ್ನು ಸಂದರ್ಶಿಸುವುದೂ ಅದರಲ್ಲಿದೆ. ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಒಂದು ಹದೀಸ್ ಎದೆ ನಡುಗಿಸುವಂತಹುದು. ತಾನು ರೋಗಿಯಾಗಿದ್ದಾಗ ನೀನೇಕೆ ಬರಲಿಲ್ಲವೆಂದು ಅಲ್ಲಾಹನು ಅಂತಿಮ ದಿನದಂದು ದಾಸನನ್ನು ಕೇಳುವನು. ದಾಸನು ದಿಗ್ಭ್ರಮೆಗೊಳ್ಳುವನು. ಇಂತಹ ದಾಸನು ರೋಗಿಯಾಗಿದ್ದನು, ಅವನ ಬಳಿಗೆ ಹೋಗಿದ್ದರೆ ನನ್ನನ್ನು ಅಲ್ಲಿಯೇ ಕಾಣುತ್ತಿದ್ದೆ ಎಂಬ ಅರ್ಥದ ಉತ್ತರ ಅವನಿಗೆ ಸಿಗುವುದು.

ಈ ಪಾಠ ನಮಗೆ ಹೊಸದಲ್ಲ. ಬೀದರ್, ಭಾಲ್ಕಿ, ಔರಾದ್ ಎಲ್ಲಿಯೇ ಆಗಲಿ, ಯಾರಾದರೂ ದವಾಖಾನೆ ಸೇರಿದರೆಂಬ ಸುದ್ದಿ ಬಂದರೆ ಸಾಕು, ಮೊಹಲ್ಲಾದ ಅರ್ಧ ಜನ ಅಲ್ಲಿರುತ್ತಾರೆ. ಹಣ್ಣು, ಬಿಸ್ಕತ್ತು ಒಯ್ಯುತ್ತಾರೆ. ಮಂಚದ ಸುತ್ತ ನಿಂತು ದುಆ ಮಾಡಿ ಮರಳುತ್ತಾರೆ. ಆದರೆ ರೋಗಿಯ ಹಕ್ಕು ಅಷ್ಟಕ್ಕೇ ತೀರಿತೇ?

ನನ್ನದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಂದೆಯನ್ನು ನೋಡಲು ದವಾಖಾನೆಗೆ ಹೋಗಿದ್ದೆ. ಅವರು ಔರಾದ್ ಕಡೆಯ ಹಳ್ಳಿಯವರು. ಶುಗರ್ ಇತ್ತು, ಕಾಲ್ಬೆರಳಿಗೆ ಗಾಯವಾಗಿತ್ತು. ಅಂದೇ ಮನೆಗೆ ಕಳುಹಿಸುವವರಿದ್ದರು. ಕ್ಷೇಮ ವಿಚಾರಿಸಿದೆ, ದುಆ ಮಾಡಿದೆ. ಹೊರಡುವಾಗ ಅವರ ಹೆಂಡತಿ ದಿಂಬಿನಡಿಯಿಂದ ಒಂದು ಚೀಟಿ ತೆಗೆದು, ಇದರಲ್ಲಿ ಏನಿದೆ ನೋಡಿ ಹಜ್ರತ್ ಎಂದರು. ನನಗೆ ಪಾಠದ ಹೊತ್ತಾಗಿತ್ತು. ಡಾಕ್ಟರನ್ನೇ ಕೇಳಿ ಆಪಾ, ಅಲ್ಲಾಹನು ಶಿಫಾ ಕೊಡುತ್ತಾನೆ ಎಂದು ಹೇಳಿ ಬಂದುಬಿಟ್ಟೆ.

ಗಾಯಕ್ಕೆ ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಬೇಕು, ಏಳು ದಿನಕ್ಕೆ ಮತ್ತೆ ತೋರಿಸಬೇಕು ಎಂದು ಅದರಲ್ಲಿ ಬರೆದಿತ್ತು. ಇದು ನನಗೆ ತಿಳಿದದ್ದು ತಿಂಗಳ ಮೇಲೆ. ಗುಳಿಗೆ ಮುಗಿಯಿತು, ಹಾಗಾದರೆ ರೋಗವೂ ಮುಗಿಯಿತು ಎಂದು ಅವರು ಮನೆಯಲ್ಲೇ ಇದ್ದರು. ಗಾಯ ಕಪ್ಪಾಗಿ ಮೇಲೇರಿತ್ತು. ಪಾದವನ್ನು ತೆಗೆಯಬೇಕಾಯಿತು. ಆ ದಿನ ಆ ಮಂಚದ ಬಳಿ ಆ ಚೀಟಿ ಓದಬಲ್ಲವನು ನಾನೊಬ್ಬನೇ ಆಗಿದ್ದೆ. ಸಂದರ್ಶನದ ಪುಣ್ಯ ಬಯಸಿ ಹೋದವನು ಸಂದರ್ಶನದ ಹೊಣೆಯನ್ನು ಅಲ್ಲಿಯೇ ಬಿಟ್ಟು ಬಂದಿದ್ದೆ.

ನಮ್ಮ ಜಿಲ್ಲೆಯ ರೋಗಿಯ ಕಷ್ಟ

ನಮ್ಮ ಮನೆಗಳಲ್ಲಿ ದಖನಿ ಉರ್ದು. ಭಾಲ್ಕಿ, ಔರಾದ್ ಸಂತೆಗಳಲ್ಲಿ ಮರಾಠಿ. ಕಚೇರಿಯ ಅರ್ಜಿ ಕನ್ನಡದಲ್ಲಿ, ಡಾಕ್ಟರರ ಚೀಟಿ ಇಂಗ್ಲಿಷಿನಲ್ಲಿ. ತಾಲೂಕು ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಸುಮಾರು 40 ಕಿ.ಮೀ. ದೂರದ ಬೀದರಿಗೆ ಬರಬೇಕು. ಬೀದರಿನಲ್ಲಿ 2007ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಅಲ್ಲಿಂದಲೂ ಮುಂದೆ ಕಳುಹಿಸಿದರೆ ಕಲಬುರಗಿಗೆ ಅಥವಾ ಸುಮಾರು 140 ಕಿ.ಮೀ. ದೂರದ ಹೈದರಾಬಾದಿಗೆ. ಚೀಟಿ ಎಲ್ಲಿ ಮಾಡಿಸಬೇಕು, ರಕ್ತ ಪರೀಕ್ಷೆ ಎಲ್ಲಿ, ಔಷಧಿ ಎಲ್ಲಿ ಎಂದು ತಿಳಿಯದೆ ಪಾಳಿಯಲ್ಲಿ ನಿಂತ ಬಡವನಿಗೆ ರೋಗಕ್ಕಿಂತ ದಾರಿಯೇ ಭಾರವಾಗುತ್ತದೆ.

ಪ್ರವಾದಿಚರ್ಯೆ ಏನು ಹೇಳುತ್ತದೆ?

ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆಝ್(ರ) ಗಾಯಗೊಂಡಾಗ ಅವರನ್ನು ರುಫೈದಾ(ರ) ಎಂಬ ಮಹಿಳೆಯ ಆರೈಕೆಗೆ ಒಪ್ಪಿಸಲಾಯಿತು. ಗಾಯಾಳುಗಳ ಶುಶ್ರೂಷೆ ಆಕೆಯ ಕೆಲಸವಾಗಿತ್ತು. ಪ್ರವಾದಿ(ಸ)ರು ಬೆಳಗೂ ಸಂಜೆಯೂ ಸಅದ್‌ರ ಸ್ಥಿತಿ ವಿಚಾರಿಸುತ್ತಿದ್ದರು. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಬಾಲಕನು ಕಾಯಿಲೆ ಬಿದ್ದಾಗಲೂ ಅವನ ಮನೆಗೆ ಹೋಗಿ ತಲೆಯ ಬಳಿ ಕುಳಿತರು. ಆದ್ದರಿಂದ ಪಕ್ಕದ ಮಂಚದ ರೋಗಿ ಯಾವ ಧರ್ಮದವನೇ ಆಗಲಿ, ಅವನ ಕ್ಷೇಮವನ್ನೂ ಕೇಳುವುದು ನಮ್ಮ ಶಿಷ್ಟಾಚಾರ.

ಶಿಫಾ ನೀಡುವವನು ಅಲ್ಲಾಹನೇ ಆಗಿರುವಾಗ ಇಷ್ಟು ಓಡಾಟವೇಕೆ ಎಂದು ಕೆಲವರು ಕೇಳುತ್ತಾರೆ. ಚಿಕಿತ್ಸೆ ಪಡೆಯಿರಿ ಎಂದು ಆಜ್ಞಾಪಿಸಿದವರೂ ಪ್ರವಾದಿ(ಸ)ರೇ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡಬೇಕೆಂದು ಕಲಿಸಿದವರೂ ಅವರೇ. ಔಷಧಿ ಬಿಟ್ಟು ದುಆ ಮಾತ್ರ ಹಿಡಿಯುವುದು ತವಕ್ಕುಲ್ ಅಲ್ಲ.

ಈ ಮಣ್ಣಿಗೂ ಇದರ ಪರಂಪರೆಯಿದೆ. 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಬೀದರಿನಲ್ಲಿ ದೊಡ್ಡ ಶಿಫಾಖಾನೆ ಕಟ್ಟಿಸಿದನು. ರೋಗಿಗಳ ಔಷಧಿ, ಆಹಾರಗಳ ಖರ್ಚಿಗೆಂದು ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟನು. ಅಲ್ಲಿ ಮುಸ್ಲಿಮ್ ಹಕೀಮರೂ ಹಿಂದೂ ವೈದ್ಯರೂ ಜತೆಯಾಗಿ ಚಿಕಿತ್ಸೆ ನೀಡುತ್ತಿದ್ದರೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಹಳ್ಳಿಗಳನ್ನು ಬಿಟ್ಟುಕೊಡುವ ಶಕ್ತಿ ನಮಗಿಲ್ಲ. ಒಂದು ಗಂಟೆ ಬಿಟ್ಟುಕೊಡುವ ಶಕ್ತಿ ಎಲ್ಲರಿಗೂ ಇದೆ.

ಸಂದರ್ಶಕನು ಮಾಡಬೇಕಾದುದು

1. ಚೀಟಿ ಓದಿ ಹೇಳುವುದು. ಯಾವ ಗುಳಿಗೆ ಎಷ್ಟು ಹೊತ್ತಿಗೆ, ಎಷ್ಟು ದಿನ, ಮತ್ತೆ ಬರಬೇಕಾದ ದಿನ ಯಾವುದು ಎಂಬುದನ್ನು ಮನೆಯವರ ಭಾಷೆಯಲ್ಲಿ ತಿಳಿಸಬೇಕು. ಅಕ್ಷರ ತಿಳಿಯದಿದ್ದರೆ ಊಹಿಸಬಾರದು, ನರ್ಸ್ ಅಥವಾ ಡಾಕ್ಟರರನ್ನು ಕೇಳಿ ಹೇಳಬೇಕು. ಎಲ್ಲ ಕಾಗದಗಳನ್ನೂ ಒಂದೇ ಚೀಲದಲ್ಲಿ ಇಡಿಸಬೇಕು.

2. ರೋಗಿಯನ್ನೇ ಮಾತನಾಡಲು ಬಿಡುವುದು. ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳ ನೋವನ್ನು ಗಂಡಸರೇ ಹೇಳಿ ಮುಗಿಸುತ್ತಾರೆ. ಆಕೆಯ ಜತೆ ಒಬ್ಬ ತಿಳಿದ ಮಹಿಳೆ ಇರಲಿ. ಊರಿನ ಆಶಾ ಕಾರ್ಯಕರ್ತೆಯ ನೆರವು ಪಡೆಯಲು ಸಂಕೋಚ ಬೇಡ.

3. ಸರಕಾರದ ಸೌಲಭ್ಯ ತಿಳಿಸುವುದು. 2018ರಲ್ಲಿ ಜಾರಿಯಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಖಾಸಗಿ ಆಸ್ಪತ್ರೆಗೋ ಹೈದರಾಬಾದಿಗೋ ಹೊರಡುವ ಮೊದಲು ಆ ಆಸ್ಪತ್ರೆ ಯೋಜನೆಯಲ್ಲಿ ಇದೆಯೇ, ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂದು ವಿಚಾರಿಸಬೇಕು. ಒಡವೆ ಅಡವಿಟ್ಟ ನಂತರ ತಿಳಿದರೆ ಪ್ರಯೋಜನವಿಲ್ಲ. ತುರ್ತಿದ್ದಾಗ 108ಕ್ಕೆ ಕರೆ ಮಾಡಬೇಕು.

4. ಹಕ್ಕು ತಿಳಿದಿರುವುದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಂತೆ, ಬಿಲ್ಲು ಬಾಕಿಯಿದೆಯೆಂದು ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಜನಾಝದಲ್ಲಿ ತಡ ಮಾಡಬಾರದೆಂದು ಕಲಿತ ನಾವು ಇದನ್ನು ಅರಿತಿರಬೇಕು. ಆದರೆ ಸಾಲ ಸಾಲವೇ. ಅದನ್ನು ತೀರಿಸುವ ಹೊಣೆ ಉಳಿಯುತ್ತದೆ.

5. ಅದಬ್ ಕಾಯುವುದು. ಹತ್ತು ಜನ ಒಟ್ಟಿಗೆ ನುಗ್ಗುವುದು, ಗಟ್ಟಿಯಾಗಿ ಮಾತಾಡುವುದು, ಶುಗರ್ ಇದ್ದವರಿಗೆ ಮಿಠಾಯಿ ತಿನ್ನಿಸುವುದು ಸಂದರ್ಶನವಲ್ಲ, ಪೀಡೆ. ರಾತ್ರಿಯಿಡೀ ನಿಂತು ದುಡಿಯುವ ನರ್ಸಮ್ಮನೊಂದಿಗೆ ನಯವಾಗಿ ಮಾತನಾಡುವುದೂ ದೀನಿನ ಭಾಗವೇ.

6. ನಮಾಝಿನ ವಿನಾಯಿತಿ ತಿಳಿಸುವುದು. ನಿಲ್ಲಲಾಗದವನು ಕುಳಿತು, ಕುಳಿತುಕೊಳ್ಳಲಾಗದವನು ಮಲಗಿಯೇ ನಮಾಝ್ ಮಾಡಬಹುದು. ನೀರು ತಾಗಬಾರದವನಿಗೆ ತಯಮ್ಮುಮ್ ಇದೆ. ಇದು ತಿಳಿಯದೆ ಎಷ್ಟೋ ರೋಗಿಗಳು ನಮಾಝ್ ತಪ್ಪಿತೆಂದು ಒಳಗೊಳಗೇ ಕೊರಗುತ್ತಾರೆ.

ನಿಮ್ಮ ಮನೆಯಲ್ಲಿ ಕನ್ನಡ, ಇಂಗ್ಲಿಷ್ ಓದಬಲ್ಲ ಮಗನೋ ಮಗಳೋ ಇರಬಹುದು. ಮುಂದಿನ ಸಲ ರೋಗಿಯನ್ನು ನೋಡಲು ಹೋಗುವಾಗ ಅವರನ್ನೂ ಕರೆದೊಯ್ಯಿರಿ. ಅವರು ಕಲಿತ ಅಕ್ಷರ ಅಂದು ಇಬಾದತ್ ಆಗಲಿ.

ಆ ಚಾಚಾ ಈಗ ಊರುಗೋಲು ಹಿಡಿದು ಮಸೀದಿಗೆ ಬರುತ್ತಾರೆ. ನನ್ನನ್ನು ಕಂಡರೆ ಮೊದಲು ಸಲಾಮ್ ಹೇಳುವವರೂ ಅವರೇ. ನಾನು ಕ್ಷಮೆ ಕೇಳಿದ್ದೇನೆ, ಅವರು ಕ್ಷಮಿಸಿದ್ದಾರೆ. ಅಂದಿನಿಂದ ಯಾವ ರೋಗಿಯ ಬಳಿಗೆ ಹೋದರೂ ದುಆ ಮಾಡಿ, ಚೀಟಿ ಎಲ್ಲಿದೆ ಎಂದು ಕೇಳದೆ ಏಳುವುದಿಲ್ಲ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ನಮ್ಮ ಉದಾಸೀನವನ್ನು ಮನ್ನಿಸಲಿ. ಆಮೀನ್.