ಈದ ಆಕಳಿಗೆ ಸಕ್ಕರೆ ಕೊರತೆ: ಮನೆಯಲ್ಲೇ ಗುರುತಿಸಿ, ಹಾಲನ್ನು ಉಳಿಸಿಕೊಳ್ಳಿ



ಆಕಳು ಕರು ಹಾಕಿ ಎರಡು-ಮೂರು ವಾರವಾಗಿರುತ್ತದೆ. ಮಾಸು ಸರಿಯಾಗಿ ಬಿದ್ದಿದೆ, ಜ್ವರವಿಲ್ಲ, ಕೆಚ್ಚಲು ಬಾವಿಲ್ಲ. ಹಾಲು ದಿನದಿಂದ ದಿನಕ್ಕೆ ಏರಬೇಕಾದ ಹೊತ್ತಿನಲ್ಲೇ ಅದು ಹಿಂಡಿಯ ಬುಟ್ಟಿಗೆ ಮೂತಿ ಇಟ್ಟು ಹಿಂದೆ ಸರಿಯುತ್ತದೆ. ಜೋಳದ ಕಣಿಕೆಯನ್ನು ಮಾತ್ರ ಅಷ್ಟಿಷ್ಟು ತಿನ್ನುತ್ತದೆ. ಹಾಲು ಇಳಿಯುತ್ತದೆ, ಪಕ್ಕೆಲುಬು ಎದ್ದು ಕಾಣುತ್ತವೆ. ದೃಷ್ಟಿ ತಾಗಿದೆ ಎಂದು ನಿವಾಳಿಸುವವರಿದ್ದಾರೆ, ಬಾಯಿ ಕೆಟ್ಟಿದೆ ಎಂದು ಬೆಲ್ಲದ ನೀರು ಕುಡಿಸುವವರಿದ್ದಾರೆ. ಅಷ್ಟರಲ್ಲಿ ಹತ್ತು-ಹನ್ನೆರಡು ದಿನ ಕಳೆದುಹೋಗುತ್ತವೆ. ಈ ಕಾಯಿಲೆಯ ಹೆಸರು ಕೀಟೋಸಿಸ್. ರಕ್ತದಲ್ಲಿ ಸಕ್ಕರೆಯ ಅಂಶ ಕಡಿಮೆಯಾಗುವುದರಿಂದ ಇದು ಬರುತ್ತದೆ.

ಇದರಿಂದ ರಾಸು ಸಾಯುವುದು ಅಪರೂಪ. ಆದುದರಿಂದಲೇ ನಾವು ಇದನ್ನು ಹಗುರವಾಗಿ ಕಾಣುತ್ತೇವೆ. ಆದರೆ ಕರು ಹಾಕಿದ ಮೊದಲ ಎರಡು ತಿಂಗಳಲ್ಲಿ ಹಾಲು ಯಾವ ಎತ್ತರಕ್ಕೆ ಏರುತ್ತದೋ ಅದರ ಮೇಲೆ ಇಡೀ ಸೂಲಿನ ಹಾಲು ನಿಂತಿದೆ. ಆ ಗರಿಷ್ಠ ಮಟ್ಟದಲ್ಲಿ ದಿನಕ್ಕೆ 1 ಲೀಟರ್ ಕಡಿಮೆಯಾದರೆ ಸೂಲು ಮುಗಿಯುವುದರೊಳಗೆ ಸುಮಾರು 200 ಲೀಟರ್ ಖೋತಾ ಎಂಬುದು ಹೈನುಗಾರಿಕೆಯ ಸಾಮಾನ್ಯ ಲೆಕ್ಕ. ಸಾಲ ಮಾಡಿ ತಂದ ಆಕಳಾದರೆ ಕಂತು ಕಟ್ಟುವುದು ಈ ಹಾಲಿನಿಂದಲೇ.

ಸಕ್ಕರೆ ಎಲ್ಲಿಗೆ ಹೋಗುತ್ತದೆ?

ಹಾಲಿನ ಸಿಹಿಗೆ ಕಾರಣ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ. 12 ಲೀಟರ್ ಹಾಲಿನಲ್ಲಿ ಇದು ಅರ್ಧ ಕಿಲೋಗಿಂತ ಹೆಚ್ಚು ಇರುತ್ತದೆ. ಇದಷ್ಟನ್ನೂ ಕೆಚ್ಚಲು ರಕ್ತದ ಗ್ಲೂಕೋಸಿನಿಂದ ದಿನವೂ ತಯಾರಿಸಬೇಕು.

ಆಕಳು ತಿಂದ ಮೇವಿನ ಸಿಹಿ ನೇರವಾಗಿ ರಕ್ತಕ್ಕೆ ಸೇರುವುದಿಲ್ಲ. ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹುಳಿ ಬರಿಸಿ ಆಮ್ಲಗಳನ್ನಾಗಿ ಮಾಡುತ್ತವೆ. ಅವುಗಳಲ್ಲಿ ಪ್ರೊಪಿಯೋನಿಕ್ ಆಮ್ಲ ಎಂಬುದನ್ನು ಯಕೃತ್ತು ಗ್ಲೂಕೋಸ್ ಆಗಿ ಮಾರ್ಪಡಿಸುತ್ತದೆ. ಕರು ಹಾಕಿದ ಮೇಲೆ ಹಾಲು ಬೇಗ ಏರುತ್ತದೆ, ಹಸಿವು ನಿಧಾನವಾಗಿ ಏರುತ್ತದೆ. ಈ ನಡುವಿನ ಕೊರತೆಯನ್ನು ತುಂಬಲು ರಾಸು ತನ್ನ ಮೈಯ ಕೊಬ್ಬನ್ನು ಕರಗಿಸುತ್ತದೆ. ಹಸಿ ಕಟ್ಟಿಗೆ ಒಲೆಗೆ ಹಾಕಿದರೆ ಉರಿಗಿಂತ ಹೊಗೆಯೇ ಹೆಚ್ಚು. ಹಾಗೆಯೇ ಕೊಬ್ಬು ಅತಿಯಾಗಿ ಕರಗಿದಾಗ ಯಕೃತ್ತಿನಲ್ಲಿ ಅದು ಪೂರ್ಣ ಉರಿಯದೆ ಕೀಟೋನ್ ಎಂಬ ಪದಾರ್ಥಗಳು ಹುಟ್ಟಿ ರಕ್ತ, ಮೂತ್ರ, ಹಾಲು, ಉಸಿರಿನಲ್ಲಿ ಸೇರುತ್ತವೆ. ಇವು ಹೆಚ್ಚಾದಂತೆ ಹಸಿವು ಇನ್ನೂ ಸಾಯುತ್ತದೆ. ತಿನ್ನದಿದ್ದರೆ ಕೊಬ್ಬು ಮತ್ತೂ ಕರಗುತ್ತದೆ. ಈ ಸುತ್ತನ್ನು ಕಡಿಯುವುದೇ ಚಿಕಿತ್ಸೆ.

ಇದು ಮನುಷ್ಯರ ಸಕ್ಕರೆ ಕಾಯಿಲೆಯೇ?

ಅಲ್ಲ. ಮನುಷ್ಯರ ಸಕ್ಕರೆ ಕಾಯಿಲೆ ಮನೆಯ ಬೆಕ್ಕು, ನಾಯಿಗಳಿಗೆ ಬರಬಹುದು. ಬೆಕ್ಕು ಚೆನ್ನಾಗಿ ತಿಂದರೂ ಸೊರಗುತ್ತದೆ, ಮೇಲಿಂದ ಮೇಲೆ ನೀರು ಕುಡಿದು ಮೂತ್ರ ಮಾಡುತ್ತದೆ. ಅದರ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಇನ್ಸುಲಿನ್ ಸಾಲದ್ದರಿಂದ ಮೈಗೆ ಹತ್ತುವುದಿಲ್ಲ. ಅಂಥ ಬೆಕ್ಕಿಗೆ ವೈದ್ಯರು ಗೊತ್ತುಮಾಡಿದಷ್ಟೇ ಇನ್ಸುಲಿನ್ನನ್ನು, ಸಾಮಾನ್ಯವಾಗಿ ದಿನಕ್ಕೆರಡು ಬಾರಿ, ಹೊತ್ತಿಗೆ ಸರಿಯಾಗಿ ಚುಚ್ಚಬೇಕು. ಇನ್ಸುಲಿನ್ ಹೆಚ್ಚಾಗಿ ಬೆಕ್ಕು ತೂರಾಡಿದರೆ ಒಸಡಿಗೆ ಜೇನುತುಪ್ಪ ಅಥವಾ ಸಕ್ಕರೆ ಪಾಕ ಸವರಿ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ಈದ ಆಕಳಿನಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಸಕ್ಕರೆಯೇ ಸಾಲದು. ಇನ್ಸುಲಿನ್ ಅಪ್ಪಣೆಗೆ ಕಾಯದೆ ಕೆಚ್ಚಲು ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಮಿಕ್ಕ ಮೈ ಉಪವಾಸ ಬೀಳುತ್ತದೆ. ಮನುಷ್ಯನಿಗೆ ಉಪವಾಸದಲ್ಲಿ 100 ಮಿ.ಲೀ. ರಕ್ತದಲ್ಲಿ 70ರಿಂದ 100 ಮಿ.ಗ್ರಾಂ ಗ್ಲೂಕೋಸ್ ಇರಬೇಕು. ಆಕಳಿಗೆ 40ರಿಂದ 60 ಸಹಜ. ಕಾಯಿಲೆಯಲ್ಲಿ ಅದು 40ಕ್ಕಿಂತ ಕೆಳಗೆ ಇಳಿಯುವುದುಂಟು. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಅವರ ಇನ್ಸುಲಿನ್ ಸೀಸೆಯನ್ನು ರಾಸಿಗೆ ಮುಟ್ಟಿಸಕೂಡದು. ಹಟಮಾರಿ ಕೀಟೋಸಿಸ್‌ನಲ್ಲಿ ಪಶುವೈದ್ಯರು ಗ್ಲೂಕೋಸ್ ಜೊತೆಗೆ ಇನ್ಸುಲಿನ್ ಕೊಡುವುದುಂಟು. ಅದು ಅವರ ಕೈಯಲ್ಲಿಯೇ ಆಗಬೇಕು.

ಯಾವ ರಾಸುಗಳ ಮೇಲೆ ಕಣ್ಣಿಡಬೇಕು?

ಹೆಚ್ಚು ಹಾಲು ಕೊಡುವ ಎಚ್‌.ಎಫ್., ಜೆರ್ಸಿ ಮಿಶ್ರತಳಿಗಳಲ್ಲಿ ಮತ್ತು ಒಳ್ಳೆಯ ಎಮ್ಮೆಗಳಲ್ಲಿ ಈ ಕಾಯಿಲೆ ಕಾಣುತ್ತದೆ. ಕರುವಿಗಷ್ಟೇ ಹಾಲುಣಿಸುವ ಖಿಲಾರಿ ಆಕಳಿಗೆ ಅಪರೂಪ. ಗಬ್ಬದಲ್ಲಿ ಅತಿಯಾಗಿ ಕೊಬ್ಬಿದವು, ಹಾಲು ಜ್ವರ ಬಂದು ಎದ್ದವು, ಮಾಸು ಬೀಳದೆ ತೊಂದರೆಪಟ್ಟವು, ಹಿಂದಿನ ಸೂಲಿನಲ್ಲಿ ಒಮ್ಮೆ ಈ ಕಾಯಿಲೆ ಕಂಡವು, ಇವುಗಳನ್ನು ಕರು ಹಾಕಿದ ದಿನದಿಂದ ಆರು ವಾರ ಗಮನಿಸಬೇಕು.

ಲಕ್ಷಣಗಳು

1. ಮೊದಲು ಹಿಂಡಿ ಮತ್ತು ಪಶು ಆಹಾರ ಬಿಡುತ್ತದೆ, ಆಮೇಲೆ ಹಸಿ ಮೇವು. ಒಣ ಕಣಿಕೆ, ಹೊಟ್ಟು ಕೊನೆಯವರೆಗೆ ಸ್ವಲ್ಪ ತಿನ್ನುತ್ತದೆ.
2. ಸಗಣಿ ಗಟ್ಟಿಯಾಗಿ, ಮೇಲೆ ಲೋಳೆ ಹತ್ತಿದಂತೆ ಹೊಳೆಯುತ್ತದೆ.
3. ಮೈ ಬೇಗನೆ ಇಳಿಯುತ್ತದೆ. ಮೆಲುಕು ಕಡಿಮೆಯಾಗುತ್ತದೆ.
4. ಉಸಿರು, ಮೂತ್ರ, ಹಾಲಿಗೆ ಕೊಳೆಯತೊಡಗಿದ ಹಣ್ಣಿನಂಥ, ಉಗುರುಬಣ್ಣ ಒರೆಸುವ ದ್ರವದಂಥ ಸಿಹಿ ವಾಸನೆ ಬರುತ್ತದೆ. ಈ ವಾಸನೆ ಎಲ್ಲರ ಮೂಗಿಗೂ ತಿಳಿಯದು. ಒಬ್ಬರಿಗೆ ಬಾರದಿದ್ದರೆ ಮನೆಯ ಇನ್ನೊಬ್ಬರು ನೋಡಬೇಕು.
5. ಜ್ವರ ಇರುವುದಿಲ್ಲ. ಜ್ವರವಿದ್ದರೆ ಬೇರೆ ಕಾಯಿಲೆಯೂ ಸೇರಿದೆ ಎಂದು ತಿಳಿಯಿರಿ.
6. ಕೆಲವು ರಾಸುಗಳು ಗೋಡೆ, ಗೂಟ, ತಮ್ಮ ಮೈಯನ್ನೇ ಒಂದೇ ಸಮನೆ ನೆಕ್ಕುತ್ತವೆ, ತಲೆಯನ್ನು ಗೋದಲಿಗೆ ಒತ್ತುತ್ತವೆ, ಸುತ್ತು ಹಾಕುತ್ತವೆ. ಒಂದೆರಡು ತಾಸಿನಲ್ಲಿ ಸುಮ್ಮನಾಗಿ ಮತ್ತೆ ಆರಂಭಿಸಬಹುದು. ಹುಚ್ಚುನಾಯಿ ಕಡಿತದ ರೋಗವೂ ಹೀಗೆ ಕಾಣಬಹುದಾದ್ದರಿಂದ ವೈದ್ಯರು ನೋಡುವವರೆಗೆ ಬಾಯಿಗೆ ಕೈ ಹಾಕಬೇಡಿ, ಗೊಟ್ಟ ಎತ್ತಬೇಡಿ.

ಹಾಲು ಜ್ವರವೇ ಬೇರೆ. ಅದು ಹೆಚ್ಚಾಗಿ ಕರು ಹಾಕಿದ ಮೂರು ದಿನದೊಳಗೆ ಬರುತ್ತದೆ, ಕಿವಿ ತಣ್ಣಗಾಗಿ ರಾಸು ನೆಲ ಹಿಡಿಯುತ್ತದೆ. ಅಲ್ಲಿ ಬೇಕಾದುದು ಕ್ಯಾಲ್ಸಿಯಂ, ತಡಮಾಡದೆ ವೈದ್ಯರನ್ನು ಕರೆಯಬೇಕು.

ಸಂಘದ ಚೀಟಿಯನ್ನು ಓದಿ

ನಿಮ್ಮ ಆಕಳು ದಿನಕ್ಕೆ 12 ಲೀಟರ್ ಕೊಡುತ್ತಿತ್ತು, ಜಿಡ್ಡು 3.8 ಇತ್ತು ಎಂದುಕೊಳ್ಳೋಣ. ನಾಲ್ಕಾರು ದಿನದಲ್ಲಿ ಹಾಲು 8 ಲೀಟರಿಗೆ ಇಳಿದು ಜಿಡ್ಡು 5.2ಕ್ಕೆ ಏರಿತು. ಲೀಟರಿನ ದರ ಹೆಚ್ಚಿತೆಂದು ಸಂತೋಷಪಡಬೇಡಿ. ಅದು ರಾಸು ತನ್ನ ಮೈಯನ್ನು ಕರಗಿಸಿ ಕೊಟ್ಟ ಜಿಡ್ಡು. ಲೆಕ್ಕ ಹಾಕಿದರೆ ಮೊದಲು ದಿನಕ್ಕೆ ಸುಮಾರು 456 ಗ್ರಾಂ ಜಿಡ್ಡು ಸಂಘಕ್ಕೆ ಹೋಗುತ್ತಿತ್ತು, ಈಗ 416 ಗ್ರಾಂ. ಹಾಲೂ ಹೋಯಿತು, ಒಟ್ಟು ಜಿಡ್ಡೂ ಹೋಯಿತು.

ಹಾಲು ಕಡಿಮೆಯಾದಾಗ ಜಿಡ್ಡು ತುಸು ಏರುವುದು ಸಹಜವೇ. ಆದರೆ ಕರು ಹಾಕಿದ ಆರು ವಾರದೊಳಗೆ ಹಿಂಡಿ ಬಿಡುವುದು, ಹಾಲು ಇಳಿಯುವುದು, ಜಿಡ್ಡು ಜಿಗಿಯುವುದು, ಈ ಮೂರೂ ಒಟ್ಟಿಗೆ ಬಂದರೆ ಕೀಟೋಸಿಸ್ ಎಂದು ಅನುಮಾನಿಸಿ ಅಂದೇ ಪರೀಕ್ಷೆ ಮಾಡಿಸಬೇಕು. ಎರಡು-ಮೂರು ರಾಸುಗಳ ಹಾಲನ್ನು ಒಂದೇ ಕ್ಯಾನಿಗೆ ಹಾಕಿ ತರುವವರಿಗೆ ಚೀಟಿಯಲ್ಲಿ ಇದು ಕಾಣದು. ಹೊಸದಾಗಿ ಈದ ರಾಸಿನ ಹಾಲನ್ನು ವಾರಕ್ಕೊಮ್ಮೆ ಬೇರೆಯಾಗಿ ಅಳೆದು ಜಿಡ್ಡು ನೋಡಿಸಿ.

ಪರೀಕ್ಷೆ

ಪಶುವೈದ್ಯರು ಮೂತ್ರ ಅಥವಾ ಹಾಲಿನಿಂದ ರೋಥೆರಾ ಪರೀಕ್ಷೆ ಮಾಡುತ್ತಾರೆ. ಕೀಟೋನ್ ಇದ್ದರೆ ನೇರಳೆ ಬಣ್ಣ ಬರುತ್ತದೆ. ಮೂತ್ರಕ್ಕೆ ಅದ್ದುವ ಪಟ್ಟಿಗಳೂ ಔಷಧಿ ಅಂಗಡಿಯಲ್ಲಿ ದೊರೆಯುತ್ತವೆ. ಬಾಲದ ಕೆಳಗೆ ಮೂತ್ರದ್ವಾರದ ಅಡಿಯ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ತೀಡಿದರೆ ಬಹಳ ಆಕಳು ಮೂತ್ರ ಮಾಡುತ್ತವೆ. ಸ್ವಚ್ಛ ಸೀಸೆಯಲ್ಲಿ ಹಿಡಿದು ಆಗಲೇ ನೋಡಬೇಕು.

ಬೆಲ್ಲ ಏಕೆ ಸಾಲದು?

ಬಾಯಿಂದ ಕುಡಿಸಿದ ಬೆಲ್ಲ, ಸಕ್ಕರೆಯನ್ನು ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳೇ ಹಂಚಿಕೊಂಡುಬಿಡುತ್ತವೆ. ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಕಿಲೋಗಟ್ಟಲೆ ಕುಡಿಸಿದರೆ ಹೊಟ್ಟೆ ಹುಳಿಯಾಗಿ ಭೇದಿಯಾಗುತ್ತದೆ, ಜೀವಕ್ಕೂ ಅಪಾಯ. ಜೋಳದ ನುಚ್ಚಿನ ಗಂಜಿಯನ್ನು ಒಮ್ಮೆಲೇ ಬುಟ್ಟಿಗಟ್ಟಲೆ ಇಟ್ಟರೂ ಅದೇ ಗತಿ.

ಚಿಕಿತ್ಸೆ ಮತ್ತು ಮನೆಯ ಪಾಲು

ವೈದ್ಯರು ನರಕ್ಕೆ ಡೆಕ್ಸ್‌ಟ್ರೋಸ್ ಕೊಟ್ಟೊಡನೆ ಆಕಳು ಚುರುಕಾಗುತ್ತದೆ. ಬಾಟಲಿ ಏರಿಸಿದ್ದಾಯಿತು, ಗುಣವಾಯಿತು ಎಂದು ಇಲ್ಲಿಗೇ ಬಿಡುವವರು ಬಹಳ. ಆದರೆ ಆ ಸಕ್ಕರೆ ಕೆಲವೇ ತಾಸಿನಲ್ಲಿ ಮುಗಿದುಹೋಗುತ್ತದೆ. ಮುಂದಿನ ದಿನಗಳ ಕೆಲಸ ಮನೆಯವರದು.

• ಪ್ರೊಪಿಲೀನ್ ಗ್ಲೈಕಾಲ್ ದ್ರವವನ್ನು ವೈದ್ಯರು ಬರೆದಂತೆ, ದೊಡ್ಡ ಆಕಳಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ 300 ಮಿ.ಲೀ., 3ರಿಂದ 5 ದಿನ ಬಿಡದೆ ಕುಡಿಸಬೇಕು. ಯಕೃತ್ತು ಇದರಿಂದ ಗ್ಲೂಕೋಸ್ ತಯಾರಿಸಬಲ್ಲದು. ಹೆಚ್ಚು ಕುಡಿಸಿದರೆ ಬೇಗ ಗುಣವಾಗುವುದಿಲ್ಲ, ರಾಸು ಮಂಕಾಗುತ್ತದೆ.
• ಹೆಸರು ಸರಿಯಾಗಿ ಓದಿ. ವಾಹನದ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಪ್ರೊಪಿಲೀನ್ ಗ್ಲೈಕಾಲ್ ಕೂಡ ಬೆಕ್ಕಿನ ರಕ್ತಕಣಗಳಿಗೆ ಹಾನಿಕರ. ಚೆಲ್ಲಿದ್ದನ್ನು ತೊಳೆಯಿರಿ.
• ಗೊಟ್ಟ ಹಾಕುವಾಗ ತಲೆಯನ್ನು ನೆಲಕ್ಕೆ ಸಮವಾಗಿ ಹಿಡಿಯಿರಿ, ನಾಲಿಗೆ ಎಳೆಯಬೇಡಿ, ಕೆಮ್ಮಿದರೆ ತಕ್ಷಣ ನಿಲ್ಲಿಸಿ. ಔಷಧ ಶ್ವಾಸಕೋಶಕ್ಕೆ ಇಳಿದರೆ ಕೀಟೋಸಿಸ್‌ಗಿಂತ ದೊಡ್ಡ ಅಪಾಯ.
• ಮೇಲಿಂದ ಮೇಲೆ ಸ್ಟಿರಾಯ್ಡ್ ಚುಚ್ಚುಮದ್ದು ಹಾಕಿಸಬೇಡಿ. ಅದು ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ.
• ಗೋಡೆಯ ಮೇಲೆ ಸೀಮೆಸುಣ್ಣದಿಂದ ದಿನವೂ ಬರೆಯಿರಿ: ಬೆಳಿಗ್ಗೆ-ಸಂಜೆ ಹಾಲೆಷ್ಟು, ಹಿಂಡಿ ಎಷ್ಟು ತಿಂದಿತು, ಔಷಧ ಕೊಟ್ಟಿತೇ. ವೈದ್ಯರಿಗೆ ಈ ಬರಹ ಬಹಳ ಉಪಯುಕ್ತ.

ಐದು ದಿನದಲ್ಲಿ ಹಿಂಡಿಗೆ ಬಾಯಿ ಹಾಕದಿದ್ದರೆ, ಅಥವಾ ಗುಣವಾಗಿ ಮತ್ತೆ ಬಿಟ್ಟರೆ, ಗರ್ಭಕೋಶದ ಕೀವು, ಕೆಚ್ಚಲು ಬಾವು, ಹೊಟ್ಟೆಯಲ್ಲಿ ತಂತಿ-ಮೊಳೆ ಮೊದಲಾದ ಬೇರೆ ಕಾರಣ ಹುಡುಕಿಸಬೇಕು.

ಬಾರದಂತೆ ತಡೆಯುವುದು

ಕರು ಹಾಕುವ 60 ದಿನ ಮುಂಚೆ ಹಾಲು ಬತ್ತಿಸಿ. ಆ ಅವಧಿಯಲ್ಲಿ ರಾಸು ಸೊರಗಲೂ ಬಾರದು, ಕೊಬ್ಬಲೂ ಬಾರದು. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣದೆ ಕೈಗೆ ಸಿಗುವಂತಿದ್ದರೆ ಸರಿ. ಕೊನೆಯ ಮೂರು ವಾರ ಪಶು ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ 2ರಿಂದ 3 ಕಿಲೋಗೆ ತನ್ನಿ. ಈದ ಮೇಲೆ ಎರಡು-ಮೂರು ದಿನಕ್ಕೆ ಅರ್ಧ ಕಿಲೋದಂತೆ ಹೆಚ್ಚಿಸಿ. ದೇಹಪೋಷಣೆಗೆ ಕೊಡುವುದರ ಮೇಲೆ ಆಕಳಿಗೆ ಎರಡೂವರೆ ಲೀಟರ್ ಹಾಲಿಗೆ, ಎಮ್ಮೆಗೆ ಎರಡು ಲೀಟರ್ ಹಾಲಿಗೆ 1 ಕಿಲೋ ಎಂಬುದು ರೂಢಿಯ ಲೆಕ್ಕ.

ನಮ್ಮ ಮುದ್ದೇಬಿಹಾಳ ಭಾಗದ ಎರೆ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ಕಣಿಕೆಯೇ ಬಣವಿಯ ಆಧಾರ. ಅದರಿಂದ ಹೊಟ್ಟೆ ತುಂಬುತ್ತದೆ, ಆದರೆ ಹೊಸದಾಗಿ ಈದ ರಾಸಿಗೆ ಅಷ್ಟೇ ಸಾಲದು. ಕಣಿಕೆಯನ್ನು ಕತ್ತರಿಸಿ ಹಸಿ ಮೇವು, ತೊಗರಿ ಹೊಟ್ಟಿನೊಂದಿಗೆ ಬೆರೆಸಿ. ನೀರಾವರಿ ಇದ್ದವರು ಮೂರ್ನಾಲ್ಕು ಗುಂಟೆ ಹಸಿ ಮೇವನ್ನು ಈದ ರಾಸಿಗೆಂದೇ ಮೀಸಲಿಡಿ. ದಿನವೂ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ಅದರಲ್ಲಿನ ಕೋಬಾಲ್ಟ್ ಇಲ್ಲದೆ ಹೊಟ್ಟೆಯಲ್ಲಿ ಬಿ12 ಜೀವಸತ್ವ ಹುಟ್ಟದು, ಬಿ12 ಇಲ್ಲದೆ ಯಕೃತ್ತು ಗ್ಲೂಕೋಸ್ ಮಾಡಲಾರದು. ಬೇಸಿಗೆಯಲ್ಲಿ ನೆರಳು ಮತ್ತು ಸದಾ ತಣ್ಣೀರು ಇರಲಿ. ಬಿಸಿಲಿಗೆ ಮೇವು ಬಿಟ್ಟರೂ ಇದೇ ಕಾಯಿಲೆಗೆ ದಾರಿಯಾಗುತ್ತದೆ.

ರಾಸು ನೆಲ ಹಿಡಿದರೆ, ಪೂರ್ತಿ ಮೇವು-ನೀರು ಬಿಟ್ಟರೆ, ಹುಚ್ಚಾಟ ಆಡಿದರೆ ಒಕ್ಕೂಟದ ಪಶುವೈದ್ಯರಿಗೆ ಸಂಘದ ಮೂಲಕ ತಿಳಿಸಿ, ಇಲ್ಲವೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಿ. ಕರು ಹಾಕಿದ ದಿನಾಂಕ, ಈಚಿನ ನಾಲ್ಕು ದಿನದ ಹಾಲು ಮತ್ತು ಜಿಡ್ಡಿನ ಚೀಟಿಗಳನ್ನು ಕೈಯಲ್ಲಿ ಸಿದ್ಧವಾಗಿಟ್ಟುಕೊಳ್ಳಿ.